ಹರಳಿಗೆ ಕೈ ಒಡ್ಡಿದವನು

ನನ್ನ ಎದೆಯಲ್ಲಿ ಹರಳು ಕಟ್ಟಿದೆ ಎಂದು ಗೊತ್ತಾದ ದಿನ ಊರಿನಲ್ಲಿ ಯಾರೂ ನನ್ನನ್ನು ಹೇಗಿದ್ದೀಯ ಎಂದು ಕೇಳಲಿಲ್ಲ. ಎಲ್ಲರೂ ನನ್ನ ಹೆಂಡತಿಯ ಮುಖ ನೋಡಿದರು. ಹಾಲು ಹಾಕುವವನು ನೋಡಿದ, ಹಿಟ್ಟಿನ ಗಿರಣಿಯವನು ನೋಡಿದ, ಎದುರುಮನೆಯ ಮುದುಕಿ ಕಣ್ಣು ಕಾಣದಿದ್ದರೂ ನೋಡಿದಳು. ದಾಕ್ಷಾಯಿಣಿ ಯಾರಿಗೂ ತಲೆ ತಗ್ಗಿಸಲಿಲ್ಲ. ಮನೆಗೆ ಬಂದು ಬಾಗಿಲ ಪಕ್ಕದ ಗೂಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಲ್ಲಿ ಆಗಲೇ ಇದ್ದ ಎರಡು ಹರಳುಗಳನ್ನು ಮೂಲೆಗೆ ಸರಿಸಿ ಇನ್ನೊಂದಕ್ಕೆ ಜಾಗ ಮಾಡಿದಳು.

"ಇದೂ ನಂದೇ ಇರ್ತೈತೆ ಬಿಡು," ಅಂದಳು. "ನಿಂಗೆ ಬೈಯೋವಷ್ಟು ಪುರಸೊತ್ತು ನನ್ನ ಬಿಟ್ರೆ ಯಾರಿಗೈತೆ?"

ನಮ್ಮೂರಲ್ಲಿ ಎದೆಯ ಹರಳು ತಾನಾಗಿ ಕಟ್ಟುವುದಿಲ್ಲ, ಇನ್ನೊಬ್ಬರ ಮಾತಿನಿಂದ ಕಟ್ಟುತ್ತದೆ. ಯಾರ ಮಾತಿನಿಂದ ಕಟ್ಟಿತೋ ಅವರೇ ಆಸ್ಪತ್ರೆಗೆ ಬಂದು ಅದನ್ನು ಅಂಗೈಯಲ್ಲಿ ಹಿಡಿಯಬೇಕು. ಹಿಡಿದದ್ದನ್ನು ತಮ್ಮ ಮನೆಯ ಬಾಗಿಲ ಗೂಡಿನಲ್ಲಿ ಹೋಗುವ ಬರುವವರಿಗೆ ಕಾಣುವ ಹಾಗೆ ಇಡಬೇಕು. ಅದಕ್ಕೇ ನಮ್ಮ ಆಸ್ಪತ್ರೆಯಲ್ಲಿ ಹರಳಿನವರಿಗೆ ಮಂಪರಿನ ಮದ್ದು ಕೊಡುವುದಿಲ್ಲ. ಮಣಿಕಟ್ಟಿನಿಂದ ಒಳಗೆ ಹೋದ ತಂತಿ ಹರಳನ್ನು ಮುಟ್ಟಿದಾಗ ಅದನ್ನು ಕಟ್ಟಿಸಿದ ಮಾತು ಮಲಗಿದವನೊಬ್ಬನಿಗೇ ಕೇಳುತ್ತದೆ. ಅವನು ಎಚ್ಚರವಿದ್ದು ಹೆಸರು ಹೇಳಬೇಕು. ಹೆಸರು ಮಾತ್ರ, ಮಾತನ್ನು ಹೇಳುವ ಪದ್ಧತಿಯಿಲ್ಲ. ಆ ಹೆಸರಿನವರು ಬಂದು ಕೈ ಒಡ್ಡದಿದ್ದರೆ ಹರಳು ಕದಲುವುದಿಲ್ಲ, ಬರಿ ತಂತಿ ಹೊರಗೆ ಬರುತ್ತದೆ. ಹಾಗೆ ಮನೆಗೆ ವಾಪಸು ಬಂದವರು ಮುಂದಿನ ಯುಗಾದಿಯ ಬೇವುಬೆಲ್ಲ ತಿಂದದ್ದು ಅಪರೂಪ.

ಇದಕ್ಕೆ ನಾವು ಹೊಂದಿಕೊಂಡುಬಿಟ್ಟಿದ್ದೇವೆ. ಹೆಣ್ಣು ನೋಡಲು ಬಂದವರು ಮೊದಲು ಗೂಡು ನೋಡುತ್ತಾರೆ, ಆಮೇಲೆ ಹೆಣ್ಣು. ಬಾಡಿಗೆ ಮನೆಯವರು ಗೂಡಿನ ಮೇಲೆ ಕ್ಯಾಲೆಂಡರು ನೇತುಹಾಕುತ್ತಾರೆ, ನೆಂಟರು ಗಾಳಿಗೆ ಹಾರಿತು ಅನ್ನುವ ಹಾಗೆ ಅದನ್ನು ಎತ್ತಿ ನೋಡುತ್ತಾರೆ. ಹೈಸ್ಕೂಲಿನ ಗಣಿತದ ಮೇಷ್ಟ್ರಿಗೆ ಗೂಡು ಸಾಲದೆ ಒಂದು ಬೀರು ಮಾಡಿಸಬೇಕಾಯಿತು. ನಮ್ಮ ಮನೆಯ ಗೂಡಿನಲ್ಲಿ ಇದ್ದದ್ದು ಒಂದು ನಮ್ಮ ಅವ್ವನ ಎದೆಯದು, ಇನ್ನೊಂದು ಪಕ್ಕದ ಮನೆಯಾಕೆಯದು. ಎರಡಕ್ಕೂ ದಾಕ್ಷಾಯಿಣಿಯೇ ಕೈ ಒಡ್ಡಿದ್ದಳು. ಅವಳ ನಾಲಿಗೆ ಅಂಥದ್ದು. ಸೋದರಮಾವನ ಮಗಳು, ಸಣ್ಣವಳಿದ್ದಾಗಿನಿಂದ ಬೈದು ಅಭ್ಯಾಸ. ಮದುವೆಯ ದಿನ ಧಾರೆಯ ಹೊತ್ತಿಗೂ, "ಪಂಚೆ ನೆಟ್ಟಗೆ ಉಟ್ಕೊಳಾಕೆ ಬರಲ್ವಾ ನಿಂಗೆ," ಅಂದವಳು. ನಾನೇನು ಬಾಯಿ ಕಟ್ಟಿಕೊಂಡು ಕೂತವನಲ್ಲ. ಅವಳು ಒಂದಂದರೆ ನಾನು ಎರಡನ್ನುತ್ತಿದ್ದೆ. ಬೆಳಗಿನ ಜಗಳ ಮಧ್ಯಾಹ್ನದ ಊಟಕ್ಕೆ ಉಳಿಯುತ್ತಿರಲಿಲ್ಲ. ಮಕ್ಕಳಾಗದ ಮನೆಯಲ್ಲಿ ಅಷ್ಟು ಗಲಾಟೆಯಾದರೂ ಇರಬೇಕು ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಊರಿನ ಲೆಕ್ಕದಲ್ಲಿ ನಾನು ಹೆಂಡತಿಯ ಬಾಯಿಗೆ ಸಿಕ್ಕಿ ಸವೆದ ಮನುಷ್ಯ. ನನ್ನ ತಂಗಿ ನೀಲಮ್ಮ ಆ ಲೆಕ್ಕವನ್ನು ಬೀದಿ ಬೀದಿಗೆ ಒಯ್ದು ಮುಟ್ಟಿಸಿದವಳು.

ಮರುಳಸಿದ್ದಯ್ಯನ ಗೂಡಿನಲ್ಲಿ ಒಂದೂ ಹರಳಿರಲಿಲ್ಲ. ಅಲ್ಲಿ ಸಂಜೆ ಒಂದು ದೀಪ ಹಚ್ಚಿಡುತ್ತಿದ್ದರು. ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಂದಿರು, "ನೋಡು, ಮನುಷ್ಯ ಅಂದ್ರೆ ಹಿಂಗಿರ್ಬೇಕು," ಎಂದು ಬೆರಳು ತೋರಿಸುವಂಥ ಮನೆ. ಅವನೂ ನಾನೂ ಮೀಸೆ ಮೂಡುವ ಮೊದಲಿನ ಸ್ನೇಹಿತರು. 'ಜೋಡಿ ಶಾಮಿಯಾನ' ಎಂಬ ನಮ್ಮ ಅಂಗಡಿ ಶುರುವಾದದ್ದು ಅವನ ಮನೆಯ ತಾಡಪಾಲು, ನಮ್ಮ ಅವ್ವನ ಕೊಪ್ಪರಿಗೆಗಳಿಂದ. ಕಂಬ ನೆಡುವುದು, ಹಗ್ಗ ಎಳೆಯುವುದು, ಕುರ್ಚಿ ಲಾರಿಗೆ ಹೇರುವುದು ನನ್ನದು; ಗಲ್ಲಾದ ಹತ್ತಿರ ಕೂತು ಗಿರಾಕಿಗಳ ಹತ್ತಿರ ಮಾತಾಡುವುದು ಅವನದು. ಅವನ ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮದುವೆಯಾಗಲಿ ತಿಥಿಯಾಗಲಿ, ಅಂಗಡಿಗೆ ಬಂದವರು ಒಂದು ಲೋಟ ನೀರು ಕುಡಿದು ಕಣ್ಣೊರೆಸಿಕೊಂಡೇ ಹೋಗುತ್ತಿದ್ದರು. ಹಮಾಲಿಗಳಿಗೂ ಅವನು ಒಂದು ದಿನ ಗದರಿದವನಲ್ಲ.

ಆಸ್ಪತ್ರೆಗೆ ಹೋಗುವ ಮುಂಚೆ ಅವನು ಎಳನೀರು ಹಿಡಿದುಕೊಂಡು ನೋಡಲು ಬಂದ. ದಾಕ್ಷಾಯಿಣಿ ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ನನ್ನ ಕೈ ಹಿಡಿದ.

"ಹಾಲಪ್ಪ, ಒಳಗೆ ಅವಳ ಹೆಸರು ಹೇಳೋವಾಗ ಸ್ವಲ್ಪ ಮೆತ್ತಗೆ ಹೇಳಪ್ಪ. ಎಷ್ಟಾದ್ರೂ ಹೆಣ್ಣುಮಗಳು, ನೊಂದ್ಕೋತಾಳೆ."

ಎಂಥ ಮನುಷ್ಯ ಎಂದು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಅವನ ಮೊಮ್ಮಗಳಿಗೆ ದೊಡ್ಡ ಮನೆತನದ ಸಂಬಂಧ ಕೂಡಿಬಂದಿತ್ತು. ಗಂಡಿನ ಕಡೆಯವರು ಗೂಡು ನೋಡಲು ಬರುವವರಿದ್ದರು. ಅಂಥ ಗಡಿಬಿಡಿಯಲ್ಲೂ ನನ್ನ ಹೆಂಡತಿಯ ನೋವಿನ ಯೋಚನೆ ಮಾಡುತ್ತಾನಲ್ಲ ಅಂದುಕೊಂಡೆ.

ನನ್ನನ್ನು ಮಲಗಿಸಿದ ಕೋಣೆ ವಿಪರೀತ ತಣ್ಣಗಿತ್ತು. ಮೇಜು ಎಷ್ಟು ಕಿರಿದಾಗಿತ್ತೆಂದರೆ ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಬಲ ಮಣಿಕಟ್ಟಿನ ಕೂದಲು ಬೋಳಿಸಿ, ಕೆಂಪು ಔಷಧಿ ಬಳಿದು, ಒಂದು ಹಲಗೆಗೆ ಕಟ್ಟಿದರು. ನಮ್ಮ ಡಾಕ್ಟರಮ್ಮ ಅಂಬುಜಾಕ್ಷಿ ಭಾರದ ಏಪ್ರನ್ನು ತೊಟ್ಟುಕೊಂಡು ಬಂದು, "ಇರುವೆ ಕಚ್ಚಿದಂಗಾಗುತ್ತೆ," ಅಂದರು. ಇರುವೆಯಲ್ಲ, ಚೇಳು. ಆಮೇಲೆ ಕೈ ಮರಗಟ್ಟಿತು. ತಂತಿ ಒಳಗೆ ಹೋದದ್ದು ನೋಯಲಿಲ್ಲ, ಆದರೆ ಹೋಗುತ್ತಿದೆ ಎಂದು ತಿಳಿಯುತ್ತಿತ್ತು, ಮೊಣಕೈಯಲ್ಲೊಮ್ಮೆ, ಕಂಕುಳಲ್ಲೊಮ್ಮೆ. ನನ್ನ ಮೈಯೊಳಗೆ ನನ್ನನ್ನು ಕೇಳದೆ ಯಾರೋ ಓಡಾಡುತ್ತಿದ್ದರು.

ತಲೆಯ ಮೇಲೆ ದೊಡ್ಡ ಮಷೀನು ಅತ್ತಿತ್ತ ವಾಲಿತು. ಎಡಗಡೆಯ ಪರದೆಯಲ್ಲಿ ಬೂದು ಬಣ್ಣದ ಏನೋ ಬಡಿದುಕೊಳ್ಳುತ್ತಿತ್ತು. ಅದು ನನ್ನದೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಬಣ್ಣದ ಔಷಧಿ ಬಿಟ್ಟಾಗ ಎದೆಯಿಂದ ಸೊಂಟದ ತನಕ ಬಿಸಿ ಹರಿದು, ಉಚ್ಚೆ ಹೊಯ್ದುಕೊಂಡೆನೋ ಎಂದು ನಾಚಿಕೆಯಾಗಿ ಕೇಳಿಯೇಬಿಟ್ಟೆ.

"ಎಲ್ಲರಿಗೂ ಹಂಗೇ ಅನ್ಸುತ್ತೆ ಹಾಲಪ್ಪನೋರೇ," ಎಂದು ಡಾಕ್ಟರಮ್ಮ ನಕ್ಕರು. "ಏನೂ ಆಗಿಲ್ಲ. ಒಂದ್ಸಲ ಕೆಮ್ಮಿ. ಈಗ ಉಸಿರು ಹಿಡ್ಕೊಳ್ಳಿ. ಅಲ್ಲಿ ನೋಡಿ, ಕಪ್ಪಗೆ ಕಾಣ್ತಿದ್ಯಲ್ಲ, ಅದೇ."

ತೊಗರಿ ಬೇಳೆಯಷ್ಟು ಗಾತ್ರದ ಚುಕ್ಕೆ. ಅದರ ಆಚೆಗೆ ರಕ್ತ ಎಳೆಯಾಗಿ ಹರಿಯುತ್ತಿತ್ತು. ತಂತಿಯ ತುದಿ ಅದರ ಹತ್ತಿರ ಹತ್ತಿರ ಹೋಯಿತು. ಎದೆಯೊಳಗೆ ಮೀನು ಹೊರಳಿದ ಹಾಗಾಯಿತು. ದಾಕ್ಷಾಯಿಣಿಯ ಯಾವ ಬೈಗುಳ ಕೇಳಿಸಬಹುದು ಎಂದು ಕಾದೆ. ಒಂದೊಂದಾಗಿ ನೆನೆಸಿಕೊಂಡೆ. ಎಲ್ಲವೂ ನಗು ಬರಿಸುವಂಥವೇ.

ತಂತಿ ಮುಟ್ಟಿತು. ಕೇಳಿಸಿದ ದನಿ ಮೆತ್ತಗಿತ್ತು.

"ಇವ್ನಾ? ನಮ್ಮಲ್ಲೇ ಇದ್ದಾನೆ, ಪಾಪ."

ಹೊರಗೆ ಹೇಳಬಾರದ ಮಾತನ್ನು ಇಲ್ಲಿ ಹೇಳಿಬಿಟ್ಟೆ, ಇರಲಿ ಬಿಡಿ. ಅಂಗಡಿಯ ಬೆಳ್ಳಿಹಬ್ಬದ ದಿನದ ಮಾತದು. ಹೊರ ಊರಿನ ಒಬ್ಬ ಜವಳಿ ವ್ಯಾಪಾರಿ ಬಂದಿದ್ದ. ನಮ್ಮದೇ ಹಬ್ಬಕ್ಕೆ ನಾನೇ ಚಪ್ಪರ ಕಟ್ಟಿ, ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು ಕಂಬದಿಂದ ಇಳಿದಿದ್ದೆ. ಇವರು ಯಾರು ಎಂದು ವ್ಯಾಪಾರಿ ಕೇಳಿದ. ಮರುಳಸಿದ್ದಯ್ಯ ನನ್ನ ಹೆಗಲ ಮೇಲೆ ಕೈಯಿಟ್ಟು ಅಷ್ಟು ಹೇಳಿದ. ಹೇಳಿ, ನನಗೊಂದು ಕಾಫಿ ತರಿಸಿದ. ನಾನು ಹಲ್ಲು ಬಿಟ್ಟು ವ್ಯಾಪಾರಿಗೆ ಕೈ ಮುಗಿದೆ. ಕಾಫಿ ಕುಡಿದು ಕುರ್ಚಿ ಹಾಕಲು ಹೋದೆ. ಆಮೇಲೆ ಅದನ್ನು ನೆನೆದೂ ಇರಲಿಲ್ಲ ಅಂದುಕೊಂಡಿದ್ದೆ.

"ಕೇಳಿಸ್ತಾ?" ಎಂದರು ಡಾಕ್ಟರಮ್ಮ. "ಯಾರು?"

"ಮರುಳಸಿದ್ದಯ್ಯ."

ತಂತಿ ಹಿಡಿದ ಅವರ ಕೈ ಅಲುಗಲಿಲ್ಲ, ಹುಬ್ಬು ಮಾತ್ರ ಏರಿತು. ಸಿಸ್ಟರಿಗೆ ಕಣ್ಸನ್ನೆ ಮಾಡಿದರು. ಬಾಗಿಲು ತೆರೆಯಿತು. ಹೊರಗಿನ ಬೆಂಚಿನ ಮೇಲೆ ಮೂವರೂ ಕೂತಿದ್ದರು: ಮಡಿ ಸೀರೆಯುಟ್ಟು ಕೈ ಒಡ್ಡಲು ತಯಾರಾಗಿ ಬಂದಿದ್ದ ದಾಕ್ಷಾಯಿಣಿ, ಅವಳು ಒಡ್ಡುವುದನ್ನು ಕಣ್ತುಂಬ ನೋಡಲು ಬಂದಿದ್ದ ನೀಲಮ್ಮ, ಇಬ್ಬರಿಗೂ ಸಮಾಧಾನ ಹೇಳಲು ಬಂದಿದ್ದ ಮರುಳಸಿದ್ದಯ್ಯ. ಬಾಗಿಲ ಸದ್ದಿಗೇ ದಾಕ್ಷಾಯಿಣಿ ಎದ್ದು ನಿಂತದ್ದು ಬಳೆಯ ದನಿಯಿಂದ ಗೊತ್ತಾಯಿತು. ಸಿಸ್ಟರು ಹೆಸರು ಕೂಗಿದರು.

"ಎಲ್ಲಾದ್ರೂ ಉಂಟಾ," ಎಂದಳು ನೀಲಮ್ಮ. "ಆ ದೇವರಂಥ ಮನುಷ್ಯನ ಹೆಸ್ರು ಯಾಕೆ ಹೇಳ್ತಾನೆ ನಮ್ಮಣ್ಣ? ಹೆಂಡ್ತಿಗೆ ಹೆದ್ರಿ ಹೇಳವ್ನೆ. ಸಾಯೋ ಹೊತ್ನಾಗೂ ಅವ್ಳ ಭಯ."

ದಾಕ್ಷಾಯಿಣಿ ಒಳಗೇ ನುಗ್ಗಿ ಬಂದಳು. ನನ್ನ ಮಣಿಕಟ್ಟಿನ ಕೆಳಗೆ ಎರಡೂ ಕೈ ಹಿಡಿದಳು. "ಭಯ ಅಲ್ಲ, ಕೊಬ್ಬು. ನನ್ನ ಉಳಿಸಾಕೆ ಹೊಂಟವ್ನೆ. ಯಾರ ಮಾನ ಉಳಿಸ್ತೀಯೋ ಮಾರಾಯ, ನನ್ ಗೂಡ್ನಾಗೆ ಆಗ್ಲೇ ಎಲ್ಡು ಅವೆ. ಹೇಳು ನನ್ನ ಹೆಸ್ರು."

"ನಿಂದಲ್ಲ ಕಣೇ," ಅಂದೆ.

"ನಂದೇ."

"ಅಲ್ಲ ಅಂದ್ರೆ ಅಲ್ಲ. ಮರುಳಸಿದ್ದಯ್ಯ. ಕರೀರಿ ಅವನ್ನ."

ಅವನು ಬಾಗಿಲ ತನಕ ಬಂದು ಚಪ್ಪಲಿ ಬಿಟ್ಟು ನಿಂತ. ಮುಖದಲ್ಲಿ ರಕ್ತವಿರಲಿಲ್ಲ. ಮೊಮ್ಮಗಳ ಸಂಬಂಧ ಅವನ ಕಣ್ಣೆದುರಿಗೆ ಮುರಿದು ಬೀಳುತ್ತಿತ್ತು. ಆದರೂ ದನಿಯನ್ನು ಏರಿಸಲಿಲ್ಲ. "ಹಾಲಪ್ಪ, ಯೋಚನೆ ಮಾಡಿ ಹೇಳಪ್ಪ. ನಾನು ನಿನಗೆ ಒಂದು ಕೆಟ್ಟ ಮಾತು ಆಡಿದ್ದಿದ್ಯಾ? ಒಂದೇ ಒಂದು?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಆಡಿದ್ದು ಕೆಟ್ಟ ಮಾತೆಂದು ಅವನಿಗೆ ಗೊತ್ತೇ ಇರಲಿಲ್ಲ. ನನ್ನ ಬಗ್ಗೆ ಅವನು ಇಷ್ಟು ವರ್ಷವೂ ಅಂದುಕೊಂಡದ್ದನ್ನು ಒಂದು ಸಲ ಬಾಯಿಬಿಟ್ಟು ಹೇಳಿದ್ದ, ಅಷ್ಟೇ. ಕೋಪಕ್ಕೆ ಪರದೆಯ ಮೇಲಿನ ಬಡಿತ ಜೋರಾಯಿತು. ಯಾವುದೋ ಮಷೀನು ಕಿರುಗುಟ್ಟತೊಡಗಿತು.

"ತಂತಿ ಇಷ್ಟು ಹೊತ್ತು ಇರೋ ಹಾಗಿಲ್ಲ," ಎಂದರು ಡಾಕ್ಟರಮ್ಮ. "ಬೇಗ ತೀರ್ಮಾನ ಮಾಡಿ. ಇಲ್ಲಾಂದ್ರೆ ಹಂಗೇ ಬಿಟ್ಟು ತೆಗೀತೀನಿ."

"ನನ್ನ ಹೆಸ್ರು ಹೇಳೋ," ಎಂದು ದಾಕ್ಷಾಯಿಣಿ ಕೂಗಿದಳು. ನಾನು ಹೇಳಲಿಲ್ಲ. ಸತ್ತರೂ ಹೇಳುವುದಿಲ್ಲವೆಂದು ಆ ಕ್ಷಣದಲ್ಲಿ ನನಗೆ ಖಚಿತವಿತ್ತು. ಅವಳು ನನ್ನ ಮುಖ ನೋಡಿದಳು. ನನ್ನ ಹಟ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಬಾಗಿಲ ಕಡೆ ತಿರುಗಿದವಳೇ ಮರುಳಸಿದ್ದಯ್ಯನ ಕಾಲು ಹಿಡಿದುಬಿಟ್ಟಳು. ನಮ್ಮ ಅವ್ವನ ಕಾಲನ್ನೂ ಹಿಡಿದವಳಲ್ಲ ಅವಳು.

"ಅಣ್ಣಾ, ಹರಳು ನಂದೇ, ನಂಗೊತ್ತು. ನಿಮಗೂ ಗೊತ್ತು. ಆದ್ರೆ ಈ ಮೊಂಡ ನಿಮ್ಮ ಹೆಸ್ರೇ ಹಿಡ್ದು ಕುಂತವ್ನೆ. ಹೇಳಿದ ಹೆಸ್ರಿನೋರು ಕೈ ಒಡ್ಡಿದ್ರೆ ಸಾಕಂತೆ. ನನ್ನ ಪಾಪ ನೀವು ಹೊತ್ಕೊಳ್ರಣ್ಣ. ಅವ್ನು ಉಳ್ಕಳ್ಳಿ."

ಮರುಳಸಿದ್ದಯ್ಯನ ಮುಖಕ್ಕೆ ಬಣ್ಣ ಮರಳಿ ಬಂದದ್ದನ್ನು ನಾನು ಮಲಗಿದಲ್ಲಿಂದಲೇ ನೋಡಿದೆ. ಮುಳುಗುವವನಿಗೆ ಬಳ್ಳಿ ಸಿಕ್ಕಿತ್ತು. ಅವನು ಬಗ್ಗಿ ಅವಳ ಭುಜ ಹಿಡಿದು ಎಬ್ಬಿಸಿದ.

"ಆಗ್ಲಿ ತಾಯಿ," ಅಂದ. "ನಿನಗೋಸ್ಕರ."

"ಅವಳಿಗೋಸ್ಕರ ಅಲ್ಲ," ಎಂದು ಕೂಗಲು ಹೋದೆ. ಅಷ್ಟರಲ್ಲಿ ಅವನು ಬಂದು ಅಂಗೈ ಒಡ್ಡಿದ್ದ. "ಮಾತಾಡಬೇಡಿ, ಉಸಿರು ಹಿಡೀರಿ," ಎಂದು ಡಾಕ್ಟರಮ್ಮ ಗದರಿದರು. ಎದೆಯಲ್ಲಿ ಏನೋ ಕಿತ್ತ ಹಾಗಾಯಿತು. ಅದು ಕಂಕುಳಿಗೆ ಬಂತು, ತೋಳಿನ ಗುಂಟ ಜಾರಿತು, ಮಣಿಕಟ್ಟಿನಿಂದ ಅವನ ಕೈಗೆ ಬಿತ್ತು. ನಾನು ಉಸಿರು ಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ಪೂರ್ತಿ ಉಸಿರು. ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಮರುಳಸಿದ್ದಯ್ಯ ಹರಳನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟೇನಾ," ಅಂದ.

ನಾನು ಮಣಿಕಟ್ಟಿಗೆ ಪಟ್ಟಿ ಸುತ್ತಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಕಥೆ ನನಗಿಂತ ಮುಂಚೆ ಊರು ಸೇರಿತ್ತು. ಅದನ್ನು ಅವನು ಹೇಳಿದನೆಂದು ನಾನು ಆರೋಪ ಮಾಡಲಾರೆ. ನೀಲಮ್ಮ ಹೇಳಿದಳು, ಅವನು ಇಲ್ಲ ಅನ್ನಲಿಲ್ಲ. ಸ್ನೇಹಿತನ ಹೆಂಡತಿ ಕಟ್ಟಿಸಿದ ಹರಳಿಗೆ ತಾನು ಕೈ ಒಡ್ಡಿದ ಪುಣ್ಯಾತ್ಮ ಎಂದು ಜನ ಅವನ ಮನೆಗೆ ಗುಂಪುಗುಂಪಾಗಿ ಹೋದರು. ಖಾಲಿ ಗೂಡಿಗಿಂತ ಆ ಒಂದು ಹರಳಿನ ಗೂಡಿಗೇ ಹೆಚ್ಚು ಬೆಲೆ ಬಂತು. ಯಾರೋ ಅದಕ್ಕೆ ಹೂವೇರಿಸಿದರು. ಗಂಡಿನ ಕಡೆಯವರು ಬಂದರಂತೆ, ಕೇಳಿದರಂತೆ, ಹುಡುಗನ ಅಜ್ಜ ಎದ್ದು ನಿಂತು ಮರುಳಸಿದ್ದಯ್ಯನಿಗೆ ಕೈ ಮುಗಿದನಂತೆ. ಲಗ್ನ ಅಲ್ಲೇ ಗೊತ್ತಾಯಿತು. ಚಪ್ಪರಕ್ಕೆ ನಾನು ಕಂಬ ನೆಡಲಿಲ್ಲ, ಡಾಕ್ಟರಮ್ಮ ಭಾರ ಎತ್ತಬಾರದು ಅಂದಿದ್ದರು. ಊಟಕ್ಕೆ ಮಾತ್ರ ಹೋದೆ. ಅವನು ಎಲ್ಲರೆದುರು ನನ್ನನ್ನು ತಬ್ಬಿಕೊಂಡ.

"ಸುಸ್ತಾಗ್ತಿದ್ಯಾ? ಅಲ್ಲಿ ಫ್ಯಾನಿನ ಕೆಳಗೆ ಕೂತ್ಕೋ ಹೋಗು," ಅಂದ.

ನಾನು ಸುಮ್ಮನೆ ಇರಲಿಲ್ಲ. ಕೇಳಿದವರಿಗೆಲ್ಲ ಹರಳು ಅವನದೇ ಎಂದು ಹೇಳಿದೆ. ಗಿರಣಿಯವನಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಬಿಟ್ಟುಕೊಂಡು ಹೇಳಿದೆ. ಎಲ್ಲರೂ ಕೇಳಿಸಿಕೊಂಡು ತಲೆಯಾಡಿಸಿದರು. ನಾನು ಮೆಟ್ಟಿಲಿಳಿಯುವಾಗ, "ಹೆಂಡ್ತಿ ಮಾನ ಕಾಯ್ತಾನೆ, ಪಾಪ," ಎಂದು ಅಂದುಕೊಂಡರು. ಡಾಕ್ಟರಮ್ಮನನ್ನು ಕೇಳಿ ಅಂದರೆ, ಡಾಕ್ಟರಮ್ಮ ಕೇಳಿದ್ದು ಹೆಸರು ಮಾತ್ರ. ಅದನ್ನು ನಾನು ಹೇಳಿದ್ದು ಯಾಕೆಂದು ಊರಿಗೆ ಆಗಲೇ ಗೊತ್ತಿತ್ತು.

ಊರು ಹಾಳಾಗಿ ಹೋಗಲಿ, ದಾಕ್ಷಾಯಿಣಿ ನಂಬಿದರೆ ಸಾಕಿತ್ತು. ಒಂದು ಬೆಳಿಗ್ಗೆ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಎದುರಿಗೆ ಕೂತು ಪದ್ಧತಿ ಮುರಿದೆ. ಆ ಮಾತು ಏನೆಂದು ಹೇಳಿಬಿಟ್ಟೆ. ಬೆಳ್ಳಿಹಬ್ಬ, ಜವಳಿ ವ್ಯಾಪಾರಿ, ಹೆಗಲ ಮೇಲಿನ ಕೈ, ಎಲ್ಲ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು.

"ಇಷ್ಟೇನಾ?"

"ಇಷ್ಟೇ."

"ನಮ್ಮಲ್ಲೇ ಇದ್ದಾನೆ ಅಂದಿದ್ದಕ್ಕೆ ಹರಳು ಕಟ್ತಾ?" ಅವಳು ನನ್ನನ್ನೇ ನೋಡಿದಳು. "ಕೈಲಾಗದವ್ನು ಅಂದಿದ್ದೀನಿ ನಾನು ನಿಂಗೆ. ನಿನ್ನ ಕಟ್ಕೊಂಡು ಕೆಟ್ಟೆ ಅಂದಿದ್ದೀನಿ. ಮಕ್ಕಳಾಗ್ಲಿಲ್ಲ ಅಂತ ನಿಮ್ಮವ್ವ ಆಡ್ಕಂಡಾಗ, ನಿನ್ನ ಮಗಂದೇ ಸರಿ ಇಲ್ಲ ಅಂತ ಬೀದಿಗೆ ಕೇಳಂಗೆ ಕೂಗಿದ್ದೀನಿ. ಅದ್ಯಾವ್ದೂ ಕಟ್ಲಿಲ್ಲ, ಇದು ಕಟ್ತು. ಯಾರಿಗೆ ಹೇಳ್ತೀಯ?"

"ಅವಕ್ಕೆಲ್ಲ ನಾನು ತಿರುಗಿ ಬೈದೆನಲ್ಲೇ. ಆವತ್ತು ನಿಮ್ಮಪ್ಪನ್ನ ಸೇರಿಸಿ ಬೈದಿದ್ದೆ, ಮರ್ತೋಯ್ತಾ?"

ಅವಳಿಗೆ ನಗು ಬರಲಿಲ್ಲ. ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟು ದಿನ ತಡ್ಕಂಡಿದ್ದೆ ನೋಡು," ಅಂದಳು. "ಕಟ್ಟಿಸಿದ್ದು ನಾನು, ಹೊತ್ಕಂಡಿದ್ದು ಅವ್ರು. ನೀನು ಅದ್ನೂ ಮುಚ್ಚಿಡಾಕೆ ಕಥೆ ಕಟ್ತಾ ಇದೀಯ. ಸಾಕು ಬಿಡು. ಇನ್ಮೇಲೆ ನಾನು ನಿಂಗೆ ಒಂದು ಮಾತೂ ಅನ್ನಲ್ಲ."

ನಾನು ಅದನ್ನು ಬೆದರಿಕೆ ಅಂದುಕೊಂಡೆ. ಅದು ಪ್ರತಿಜ್ಞೆಯಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಜಗಳವಿಲ್ಲ. ಬೇಕೆಂದೇ ಒದ್ದೆ ಟವಲನ್ನು ಹಾಸಿಗೆಯ ಮೇಲೆ ಎಸೆದೆ. ಅವಳು ಮಾತಿಲ್ಲದೆ ತೆಗೆದು ಒಣಹಾಕಿದಳು. ಕಾಯುವ ಹಾಲನ್ನು ನೋಡಿಕೋ ಅಂದಾಗ ನೋಡದೆ ಉಕ್ಕಿಸಿದೆ, ಒಲೆ ಒರೆಸಿದಳು. ಅವಳ ತೌರಿನವರನ್ನು ಬೈದೆ, ಕೇಳಿಸಿಕೊಂಡಳು. ಬಾಯಿ ತುದಿಯ ತನಕ ಬಂದದ್ದನ್ನು ಅವಳು ಹಿಂದಕ್ಕೆ ತಳ್ಳುವುದು ಗಂಟಲಲ್ಲಿ ಕಾಣುತ್ತಿತ್ತು. ಮಲಗಿದಲ್ಲಿಂದ ಏಳುವಾಗ ಎದೆ ಹಿಡಿದುಕೊಳ್ಳುವುದನ್ನೂ ಒಂದೆರಡು ಸಲ ನೋಡಿದೆ. ಏನಾಯಿತು ಅಂದರೆ ಏನಿಲ್ಲ ಅಂದಳು. ಮರುಳಸಿದ್ದಯ್ಯ ಆಗಾಗ ಬಂದು ಹೋಗುತ್ತಾನೆ. ಅವನು ಬಂದರೆ ಅವಳು ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಕಾಲಿಗೆ ನಮಸ್ಕಾರ ಮಾಡುತ್ತಾಳೆ. ಮನೆ ಈಗ ಎಷ್ಟು ಶಾಂತವಾಗಿದೆ ಎಂದು ಅವನು ಮೆಚ್ಚಿಕೊಳ್ಳುತ್ತಾನೆ.

ನಿನ್ನೆ ಮಧ್ಯಾಹ್ನ ಅವಳು ಸೊಪ್ಪಿನ ಸಾರು ಮಾಡಿದ್ದಳು. ಒಂದು ತುತ್ತು ಬಾಯಿಗಿಟ್ಟು, ತಟ್ಟೆ ತಳ್ಳಿ, "ಥೂ, ಇದೇನು ಸಾರಾ, ಪಾತ್ರೆ ತೊಳೆದ ನೀರಾ?" ಅಂದೆ. ಮೊದಲಿನ ದಾಕ್ಷಾಯಿಣಿಯಾಗಿದ್ದರೆ ಸಾರಿನ ಪಾತ್ರೆಯನ್ನು ನನ್ನ ತಲೆಯ ಮೇಲೆ ಮಗುಚಿ, ಅದಕ್ಕೆ ಒಪ್ಪುವ ನಾಲ್ಕು ಮಾತನ್ನೂ ಸೇರಿಸುತ್ತಿದ್ದಳು. ನಾನು ಅದಕ್ಕೇ ಕಾದೆ. ಅವಳು ಸೌಟು ಕೆಳಗಿಟ್ಟಳು. ಹೊರಗಿನವರ ಹತ್ತಿರ ಮಾತಾಡುವ ಹಾಗೆ ಮೆತ್ತಗೆ ಮಾತಾಡಿದಳು.

"ತಪ್ಪಾಯ್ತು ರೀ. ನಾಳೆ ಚೆನ್ನಾಗಿ ಮಾಡ್ತೀನಿ. ಇವತ್ತೊಂದಿನ ಉಣ್ರಿ."

ಅದಕ್ಕೆ ತಿರುಗಿ ಏನು ಹೇಳುವುದೆಂದು ನನಗೆ ಹೊಳೆಯಲಿಲ್ಲ. ತಟ್ಟೆ ಎಳೆದುಕೊಂಡೆ. ಅನ್ನ ಕಲಸಿ ನುಂಗಿದೆ. ಎದೆಯ ಎಡಗಡೆ, ಹಳೆಯ ಜಾಗಕ್ಕಿಂತ ಸ್ವಲ್ಪ ಕೆಳಗೆ, ಸಣ್ಣದಾಗಿ ಏನೋ ಚುಚ್ಚಿತು. ಕೈಯಿಟ್ಟು ಒತ್ತಿ ನೋಡಿದೆ. ಈ ಸಲ ಅನುಮಾನವೇ ಇಲ್ಲ, ಇದು ದಾಕ್ಷಾಯಿಣಿಯದೇ. ಊರು ಇಷ್ಟು ವರ್ಷ ಕಾದದ್ದು ಕೊನೆಗೂ ಆಯಿತು. ಡಾಕ್ಟರಮ್ಮ ಯಾರು ಎಂದು ಕೇಳಿದರೆ ನಾನು ಹೇಳುವುದಿಲ್ಲ. ಬರಿ ತಂತಿ ಹೊರಗೆ ಬರಲಿ.